ದಾರಿ ಬಿಡುವ ಪಟ್ಟು

ಸಿರುಗುಪ್ಪ, 10 ಏಪ್ರಿಲ್ 1951

ಎಡಗಣ್ಣು ಇನ್ನೂ ಪೂರ್ತಿ ತೆರೆಯುತ್ತಿಲ್ಲ. ಬಲಗಣ್ಣಿನಲ್ಲಿ ನೋಡಿಕೊಂಡು ಬರೆಯುತ್ತಿದ್ದೇನೆ. ಬರೆಯದಿದ್ದರೆ ಬಾವಿಕಟ್ಟೆಯಲ್ಲಿ ಯಾರ ಮುಂದಾದರೂ ಹೇಳಿಬಿಡುತ್ತೇನೆ. ಹೇಳಿದ್ದು ಮನೆಗೆ ಬಂದು ಮುಟ್ಟಿದರೆ ಅದಕ್ಕೆ ಬೇರೆ ಏಟು. ಈ ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಐದನೆಯ ಕ್ಲಾಸಿನವರೆಗೆ ಓದಿದ್ದು ಇಷ್ಟಕ್ಕಾದರೂ ಬಂತು. ಈ ಪುಸ್ತಕ ಉಪ್ಪಿನ ಗಡಿಗೆಯ ಪಕ್ಕದಲ್ಲಿಟ್ಟರೂ ಇದೇನೆಂದು ಯಾರೂ ಕೇಳುವುದಿಲ್ಲ.

ಗಂಡನ ಹೆಸರು ಬಾಯಲ್ಲಿ ಹೇಳಬಾರದು. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಜಡೆಪ್ಪ. ಜಡೆಪ್ಪ ಪೈಲ್ವಾನ ಬಂದರೆ ಚಹಾದಂಗಡಿಯಲ್ಲಿ ಬೆಂಚು ಖಾಲಿ ಮಾಡುತ್ತಾರೆ. ಅಕ್ಕಿ ಗಿರಣಿಯಲ್ಲಿ ಎರಡು ಚೀಲ ಒಟ್ಟಿಗೆ ಬೆನ್ನಿಗೆ ಹಾಕಿಕೊಳ್ಳುವ ಹಮಾಲಿ ಇವರೊಬ್ಬರೇ. ಅಂಥವರನ್ನು ಯುಗಾದಿಯ ಕುಸ್ತಿಯಲ್ಲಿ ಆದೋನಿಯಿಂದ ಬಂದ ಒಬ್ಬ ಸಣಕಲ ಚಿತ್ ಮಾಡಿಬಿಟ್ಟ. ಇವರು ನುಗ್ಗಿದರಂತೆ, ಅವನು ಸರಿದನಂತೆ, ಇವರು ತಮ್ಮ ಬಲಕ್ಕೆ ತಾವೇ ಬಿದ್ದರಂತೆ. ಜನ ನಕ್ಕರಂತೆ. ಮನೆಗೆ ಬಂದಾಗ ನೀರು ಕೊಟ್ಟೆ. ಕೊಡುವಾಗ ಮುಖ ನೋಡಿದೆ. ನನ್ನ ತಪ್ಪು ಅಷ್ಟೇ.

ಹೋದ ಶ್ರಾವಣದಲ್ಲಿ ಹೊಟ್ಟೆಯಲ್ಲಿದ್ದದ್ದು ಒಂದೇ ಒದೆಗೆ ಹೋಯಿತು. ಆಗ ಏನು ತಪ್ಪು ಮಾಡಿದ್ದೆನೋ ನೆನಪೇ ಇಲ್ಲ. ಒದೆ ಮಾತ್ರ ನೆನಪಿದೆ.

ಊರಮ್ಮ ಅರಿಶಿನ ಬಿಸಿ ಮಾಡಿ ಕಣ್ಣಿಗೆ ಹಚ್ಚಿದಳು. ಇವರ ತಂಗಿ. ಸೊಲ್ಲಾಪುರದ ಗಿರಣಿಗೆಂದು ಹೋದ ಗಂಡ ತಿರುಗಿ ಬರಲಿಲ್ಲ, ಅಣ್ಣನ ಮನೆಗೆ ಬಂದು ಕೂತಳು. ಅಡುಗೆಮನೆಯಲ್ಲಿ ಒಲೆಯ ಹಿಂದಿನ ಮೂಲೆ, ಒಳಕಲ್ಲಿನ ಪಕ್ಕ, ಅವಳ ಜಾಗ. ಅಲ್ಲೇ ರುಬ್ಬುತ್ತಾಳೆ, ಅಲ್ಲೇ ಉಣ್ಣುತ್ತಾಳೆ, ಅಲ್ಲೇ ಮಲಗುತ್ತಾಳೆ.

"ಅತ್ತಿಗಿ, ಅಳಬ್ಯಾಡ್ರಿ, ಕಣ್ಣಾಗ ಉರಿ ಏಳತೈತಿ," ಅಂದಳು. ಅಂದವಳೇ ತಾನು ಅತ್ತಳು. ಈ ಮನೆಯಲ್ಲಿ ನನಗೆ ಅಂತ ಇರುವುದು ಅವಳೊಬ್ಬಳು.

ಕುರುಗೋಡು, 16 ಏಪ್ರಿಲ್

ತವರಿಗೆ ಬಂದಿದ್ದೇನೆ. ಅವ್ವ ಸತ್ತು ಎಷ್ಟೋ ವರ್ಷವಾಯಿತು. ಅಪ್ಪ, ಅಣ್ಣ, ಅಣ್ಣನ ಹೆಂಡತಿ. ಅಪ್ಪ ಇಲ್ಲಿನ ಗರಡಿಯ ವಸ್ತಾದ. ಹಂಪಯ್ಯ ವಸ್ತಾದ ಎಂದರೆ ಕುಡತಿನಿಯಿಂದಲೂ ಹುಡುಗರು ಕಲಿಯಲು ಬರುತ್ತಿದ್ದರು. ಇವರೂ ಹಾಗೆ ಬಂದವರೇ. ಕಲಿಯಲು ಬಂದವರಿಗೆ ಅಪ್ಪ ಮಗಳನ್ನೂ ಕೊಟ್ಟ.

ನನ್ನ ಕಣ್ಣು ನೋಡಿಯೂ ಅಪ್ಪ ಏನೂ ಕೇಳಲಿಲ್ಲ. ಕೇಳಲಿ ಎಂದು ಕಾದು ಕಾದು ನಾನೇ ಅಂದೆ, "ನಾ ಇನ್ನ ಇಲ್ಲೇ ಇರ್ತೀನಪ್ಪ."

"ಇರಾಕ ಆಗಂಗಿಲ್ಲವ್ವ. ನಿಮ್ಮಣ್ಣನ ಹೇಣ್ತಿ ಒಂದು ವಾರ ಸುಮ್ಕ ಇರ್ತಾಳ. ಆಮ್ಯಾಲ ಮಾತು ಹಚ್ಚತಾಳ. ಊರಾಗ ಏನಂತಾರ?"

"ಕೊಂದು ಹಾಕಿದ್ರ ಏನಂತಾರ?"

ಅಪ್ಪ ಎದ್ದು ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಕೈಗೆ ಗುದ್ದಲಿ ಕೊಟ್ಟ. ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ, ಕೊಟ್ಟಿಗೆಗೆ ಆ ಕಟ್ಟಳೆ ಇಲ್ಲ. ಚಿಕ್ಕವಳಿದ್ದಾಗ ಅಲ್ಲೇ ನನ್ನನ್ನು ತಳ್ಳಿ ಆಡಿಸುತ್ತಿದ್ದ.

"ದಾರಿ ಬಿಡೋ ಪಟ್ಟು ಕಲಸ್ತೀನಿ, ನಾ ತಳ್ತೀನಿ, ನೀ ಬೀಳಿಸು. ಮೊದ್ಲು ನೆಲ ಅಗಿ. ಕಲ್ಲು ಆರಿಸು. ಮಜ್ಜಿಗಿ ಹಾಕಿ ಮೆತ್ತಗ ಮಾಡು."

"ತಳ್ಳಾವ ನೀನು, ನಾ ಯಾಕ ಅಗೀಬೇಕು?"

"ತಳ್ಳಾವ ನಾನಾದ್ರೂ ಬೀಳಿಸಾಕಿ ನೀನು. ಬೀಳಿಸೋರು ಅಗೀಬೇಕು, ಇದು ನಮ್ಮ ಗರಡಿ ಕಟ್ಟಳಿ. ಅಗದವಗ ಗೊತ್ತಿರತೈತಿ, ಬೀಳಾವನ ಬೆನ್ನಿಗೆ ಎಲ್ಲಿ ಕಲ್ಲೈತಿ ಅಂತ. ನಿನ್ನ ಗಂಡಗ ಈ ಪಟ್ಟು ಕಲಸಾಕ ನೋಡಿದೆ. ಗುದ್ದಲಿ ಮುಟ್ಟಲಿಲ್ಲ. ಹಮಾಲಿ ಮಾಡಾಕ ಗಿರಣಿ ಐತಿ, ಇಲ್ಲಿ ಆಡಾಕ ಬಂದೀನಿ ಅಂದ. ಬಿಟ್ಟುಬಿಟ್ಟೆ."

ಅಗೆದೆ. ಅಂಗೈಯಲ್ಲಿ ಬೊಬ್ಬೆ ಎದ್ದವು.

20 ಏಪ್ರಿಲ್

ದಿನಾ ಬೆಳಿಗ್ಗೆ ಅಪ್ಪ ಎದೆಗೆ ಕೈಯಿಟ್ಟು ತಳ್ಳುತ್ತಾನೆ, ನಾನು ಬೀಳುತ್ತೇನೆ. ಮೆತ್ತಗಿನ ಮಣ್ಣು, ನೋವಿಲ್ಲ. ಮೈಯೆಲ್ಲ ಹುಳಿ ಮಜ್ಜಿಗೆಯ ವಾಸನೆ.

"ಬಲ ಬರ್ತೈತಿ, ಬರ್ಲಿ. ಎದುರು ನಿಂತಿ, ಮುರೀತಿ. ಓಡಿದಿ, ಬೆನ್ನು ಹತ್ತತೈತಿ. ದಾರಿ ಬಿಡು. ಕಾಲು ಬೀಸೋ ಕಲ್ಲಿನ ಕೆಳಗಿನ ಕಲ್ಲು, ಗಟ್ಟಿ ಕುಂದರಲಿ. ಸೊಂಟ ಮ್ಯಾಗಿನ ಕಲ್ಲು, ತಿರುಗಲಿ. ಅವನ ಕೈ ಜಗ್ಗಬ್ಯಾಡ, ಕೂಸಿನ ಕೈ ಹಿಡದಂಗ ಹಿಡಿ. ಅವ ಎಲ್ಲಿಗೆ ಹೊಂಟಿದ್ನೋ ಅಲ್ಲಿಗೇ ಹೋಗ್ತಾನ. ನೀ ಅಲ್ಲಿರಂಗಿಲ್ಲ, ಅಷ್ಟ."

ಇವತ್ತು ಒಂದು ಸಲ ಬಂತು. ಅಪ್ಪನ ಕೈ ಎದೆಗೆ ತಾಗಿದ್ದೂ ಗೊತ್ತು, ತಾಗದ ಹಾಗೆ ಹೋಗಿದ್ದೂ ಗೊತ್ತು. ಎಪ್ಪತ್ತರ ಮುದುಕ ದೊಪ್ಪನೆ ಬಿದ್ದು ಮಣ್ಣಿನಲ್ಲೇ ಕೂತು ನಕ್ಕ. ನಾನೂ ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ.

ಆಮೇಲೆ ಗಂಭೀರವಾಗಿ ಅಂದ, "ಒಂದು ಮರೀಬ್ಯಾಡ. ಸರಿಯೋಕಿಂತ ಮೊದ್ಲು ಹಿಂದ ನೋಡು. ದಾರಿ ಬಿಟ್ಟ ಬಲ ಅಲ್ಲೇ ಕರಗಂಗಿಲ್ಲ, ಎಲ್ಲೋ ಒಂದು ಕಡಿ ಹೋಗಿ ಬೀಳತೈತಿ. ಅದು ಎಲ್ಲಿ ಬೀಳತೈತಿ ಅನ್ನೋದು ಸರದವರ ಮ್ಯಾಲ, ತಳ್ಳಿದವರ ಮ್ಯಾಲ ಅಲ್ಲ."

ಇದೊಳ್ಳೆ ನ್ಯಾಯ. ಹೊಡೆಯುವವರಿಗೆ ಯಾವ ಕಟ್ಟಳೆಯೂ ಇಲ್ಲ, ತಪ್ಪಿಸಿಕೊಳ್ಳುವವರಿಗೆ ಇಷ್ಟುದ್ದ. ತಲೆಯಾಡಿಸಿದೆ. ನಾಳೆ ಹೋಗಬೇಕು.

ಸಿರುಗುಪ್ಪ, 8 ಮೇ

ಇವರು ಗಿರಣಿಗೆ ಹೋದ ಮೇಲೆ ಹಿತ್ತಲಲ್ಲಿ ಊರಮ್ಮನನ್ನು ನಿಲ್ಲಿಸಿಕೊಂಡು ಅಭ್ಯಾಸ. "ತಳ್ಳು" ಅಂದರೆ ಬಟ್ಟೆ ಮೇಲಿನ ಧೂಳು ಕೊಡವುವ ಹಾಗೆ ತಳ್ಳುತ್ತಾಳೆ.

"ಹಂಗಲ್ಲ. ನಿಮ್ಮಣ್ಣ ತಳ್ಳಿದಂಗ ತಳ್ಳು."

"ನನಗ ಬರಂಗಿಲ್ಲ್ರಿ ಅತ್ತಿಗಿ. ನಿಮ್ಮನ್ನ ನೋಡಿದ್ರ ಕೈ ಏಳಂಗಿಲ್ಲ."

ಕೊನೆಗೆ ಜೋರಾಗಿ ಬಂದಳು, ಸರಿದೆ, ಅವಳು ಸಗಣಿ ಗುಂಡಿಯ ಅಂಚಿಗೆ ಹೋಗಿ ಮುಗ್ಗರಿಸಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ಒಳಗಿನಿಂದ "ಏನದು ಹಲ್ಲು ಕಿಸಿಯೋದು" ಎಂದು ಕೂಗಿದರು. ಅತ್ತೆ ದೊಡ್ಡಬಸಮ್ಮನವರಿಗೆ ಈ ಮನೆಯಲ್ಲಿ ನಗು ಕೇಳಿದರೆ ಏನೋ ಕಳುವಾದ ಹಾಗೆ.

ಇನ್ನು ಮುಂದೆ ಅವಳು ಬೀಳುವ ಕಡೆ ಹುಲ್ಲು ಹಾಸಬೇಕು.

29 ಮೇ

ಇವತ್ತು ಪಟ್ಟು ಹತ್ತಿತು. ಹತ್ತಿಯೂ ಕೆಟ್ಟಿತು.

ಸಾರಿಗೆ ಹುಳಿ ಹೆಚ್ಚಾಯಿತೆಂದು ಎದ್ದು ಬಂದರು. ಒಲೆಯ ಮುಂದೆ ನಿಂತಿದ್ದೆ. ಕೈ ಬಂತು, ಸರಿದೆ, ಬರೀ ಗಾಳಿಗೆ ಹೊಡೆದು ಎರಡು ಹೆಜ್ಜೆ ಮುಂದಕ್ಕೆ ಹೋದರು. ಒಂದು ಗಳಿಗೆ ಎದೆ ತುಂಬಿ ಬಂತು. ಆಮೇಲೆ ತಿರುಗಿದರು. ಆ ಮುಖ ನಾನು ಹಿಂದೆಂದೂ ನೋಡಿರಲಿಲ್ಲ. "ಆದೋನಿಯಾವ ಆಗೀ ಏನಲೇ ನೀನು?" ಎಂದು ಜಡೆ ಹಿಡಿದುಕೊಂಡರು. ಜಡೆ ಹಿಡಿದರೆ ಯಾವ ಪಟ್ಟೂ ಇಲ್ಲ.

ಎಂದಿಗಿಂತ ಎರಡರಷ್ಟು ಬಿತ್ತು. ಗಾಳಿಗೆ ಹೋದ ಏಟು ತಿರುಗಿ ಬರುತ್ತದೆ, ಬಡ್ಡಿ ಸೇರಿಸಿಕೊಂಡು.

12 ಜೂನ್

ಮುಟ್ಟು ನಿಂತು ಎರಡನೆಯ ತಿಂಗಳು. ಊರಮ್ಮನಿಗೆ ಮಾತ್ರ ಹೇಳಿದೆ. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಈ ಸಲ ಬಿಡುವುದಿಲ್ಲ. ಬೇರೆ ಏನೇ ಆಗಲಿ, ಯಾರಿಗೇ ಆಗಲಿ, ನನ್ನ ಹೊಟ್ಟೆಗೆ ಒಂದು ಬೆರಳೂ ತಾಗಬಾರದು.

19 ಜೂನ್, ಕಾರಹುಣ್ಣಿಮೆ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಮಧ್ಯಾಹ್ನ ಹೋಳಿಗೆ ಊಟಕ್ಕೆ ಕೂತಿದ್ದರು. ಗಿರಣಿಯಲ್ಲಿ ಯಾರೋ ಯುಗಾದಿಯ ಕುಸ್ತಿ ನೆನಪಿಸಿದ್ದರಂತೆ. ತುಪ್ಪ ಕರಗಿಲ್ಲ ಎಂದು ತಾಟು ಒದ್ದು ಎದ್ದರು. ನಾನು ಒಲೆಯ ಮುಂದೆ. ಎರಡೂ ಕೈಯಿಂದ ತಳ್ಳಲು ಬಂದರು. ಊರಮ್ಮ ನಾನು ಬಿದ್ದರೆ ಹಿಡಿಯೋಣವೆಂದು ತನ್ನ ಮೂಲೆಯಿಂದ ಎದ್ದು ನನ್ನ ಬೆನ್ನಿಗೆ ಬಂದಿದ್ದಳು. ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಸರಿದೆ. ಆ ತಳ್ಳು ಪೂರ್ತಿ ಅವಳ ಎದೆಗೆ ಬಿತ್ತು. ಗೋಡೆಗೆ ಬಡಿದು ಕುಸಿದಳು, ಹಣೆ ಒಡೆಯಿತು.

ಆಶ್ಚರ್ಯವೆಂದರೆ ಇವರು ಅಲ್ಲಿಗೇ ನಿಂತರು. ತಂಗಿಯ ಹಣೆಯ ರಕ್ತ ನೋಡಿದರು, ತಮ್ಮ ಕೈ ನೋಡಿಕೊಂಡರು, ಹೆಗಲ ಮೇಲೆ ಟವಲು ಹಾಕಿಕೊಂಡು ಹೊರಗೆ ಹೋದರು. ಸಂಜೆಯವರೆಗೆ ಮನೆಯಲ್ಲಿ ಒಂದು ಸದ್ದಿಲ್ಲ.

ಊರಮ್ಮನಿಗೆ ಅರಿಶಿನ ಹಚ್ಚಿದೆ. ಅವಳ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. "ಇರ್ಲಿ ಬಿಡ್ರಿ ಅತ್ತಿಗಿ, ಹೊಟ್ಟಿಗೆ ತಾಗಲಿಲ್ಲಲ್ಲ," ಅಂದಳು.

3 ಜುಲೈ

ಒಂದು ಮಾತು ಹೊಳೆದಿದೆ. ಅಪ್ಪ ಹೇಳಿದ್ದು ನಿಜ, ಬಲ ಕರಗುವುದಿಲ್ಲ. ಗಾಳಿಗೆ ಬಿಟ್ಟರೆ ತಿರುಗಿ ಬರುತ್ತದೆ. ಎಲ್ಲಾದರೂ ಬಿದ್ದರೆ ಮುಗಿಯುತ್ತದೆ. ಅಂದಮೇಲೆ ಅದಕ್ಕೊಂದು ಬೀಳುವ ಜಾಗ ಬೇಕು.

ನಿನ್ನೆಯೂ ಹಾಗೇ ಆಯಿತು. ಈ ಸಲ ಊರಮ್ಮ ಹಿಂದಿದ್ದದ್ದು ನನಗೆ ಗೊತ್ತಿತ್ತು. ಬೇಕೆಂದು ಮಾಡಿದ್ದಲ್ಲ. ಒಲೆಯ ಮುಂದೆ ನಿಂತವಳು ಇನ್ನೆಲ್ಲಿಗೆ ಸರಿಯಬೇಕು, ಬೆಂಕಿಗಾ? ಅವಳ ತೋಳು ನೀಲಿಯಾಗಿದೆ, ಅಷ್ಟೇ. ಅವಳ ಹೊಟ್ಟೆಯಲ್ಲೇನೂ ಇಲ್ಲವಲ್ಲ.

ಹಾಲಿನ ಕೆನೆ ಅವಳಿಗೇ ಹಾಕಿದೆ.

24 ಜುಲೈ

ಈಗ ಮೈ ಬೇಕಾಗಿಯೇ ಇಲ್ಲ, ಮಾತಿನಲ್ಲೇ ಆಗುತ್ತದೆ. ಜಡೆಪ್ಪ ಬಾಗಿಲಲ್ಲಿ ಕಾಣುತ್ತಲೇ ಅವನ ಹುಬ್ಬು ನೋಡಿ ಹೇಳಬಲ್ಲೆ, ಇವತ್ತು ಏಟು ಇದೆಯೋ ಇಲ್ಲವೋ. ಇದ್ದರೆ, "ಎಮ್ಮಿ ಹಾಲು ಯಾಕ ಕಮ್ಮಿ?" ಎಂದು ಕೇಳುತ್ತಾನೆ. ನಾನು ಎದುರು ಆಡುವುದಿಲ್ಲ, ಓಡುವುದೂ ಇಲ್ಲ. "ಕೇಳ್ರಿ ನಿಮ್ಮ ತಂಗೀನ, ಹಿಂಡಿದಾಕಿ ಆಕಿ" ಎಂದು ಮೆಲ್ಲಗೆ ಹೇಳಿ ಅರ್ಧ ಹೆಜ್ಜೆ ಪಕ್ಕಕ್ಕೆ. ಕೂಸಿನ ಕೈ ಹಿಡಿದಷ್ಟು ಹಗುರ.

ಎಮ್ಮೆ ಹಿಂಡಿದ್ದು ನಾನು. ಊರಮ್ಮ ಏನೂ ಅನ್ನಲಿಲ್ಲ. ಅವಳು ಏನೂ ಅನ್ನುವುದಿಲ್ಲ, ಅದೇ ಅವಳ ದೋಷ. ನಾನೂ ಹಾಗೇ ಇದ್ದೆ, ಕಲಿಯಲಿಲ್ಲವಾ? ಅವಳೂ ಕಲಿಯಲಿ.

ಹಿತ್ತಲ ಅಭ್ಯಾಸ ಬಿಟ್ಟು ಬಹಳ ದಿನವಾಯಿತು.

ಕುರುಗೋಡು, 9 ಆಗಸ್ಟ್

ಪಂಚಮಿಗೆ ತವರಿಗೆ ಬಂದೆ. ಹೊಟ್ಟೆ ಕಾಣಲು ಶುರುವಾಗಿದೆ. ಅಣ್ಣನ ಹೆಂಡತಿ ತಂಬಿಟ್ಟಿನ ಜೊತೆ ಒಂದು ಮಾತೂ ಕೊಟ್ಟಳು, "ಬಾಣಂತನ ಅಲ್ಲೇ ಮಾಡಿಕೊಂಡ್ರ ಚೊಲೊ ನೋಡು."

ಅಪ್ಪ ಮಾತ್ರ ಮೈಮೇಲೆ ಗಾಯವಿಲ್ಲದ್ದು ನೋಡಿ ಹಿಗ್ಗಿದ. "ಪಟ್ಟು ಹತ್ತಿತೇನವ್ವ?"

"ತಳ್ಳಿ ನೋಡು," ಅಂದೆ.

ಅಂಗಳದಲ್ಲೇ ನಿಂತಿದ್ದೆವು. ಹೊಟ್ಟೆಗೆ ತಾಗದ ಹಾಗೆ ಹೆಗಲಿಗೆ ಕೈಯಿಟ್ಟು ತಳ್ಳಿದ. ಸರಿದೆ. ನನ್ನ ಹಿಂದೆ ಅಪ್ಪನ ಮುದಿ ನಾಯಿ ಮಲಗಿತ್ತು. ಅಪ್ಪ ಅದರ ಮೇಲೆ ಹೋಗಿ ಬಿದ್ದ, ಅದು ಕಿರುಚಿಕೊಂಡು ಕುಂಟುತ್ತಾ ಹೋಯಿತು.

ಎದ್ದು ಮೈ ಕೊಡವಿಕೊಂಡ. "ಹಿಂದ ನೋಡಿದ್ದೇನು?"

"ನೋಡಿದ್ದೆ."

"ನಾಯಿ ಕಂಡಿತ್ತೇನು?"

"ಕಂಡಿತ್ತು. ಅದಕ್ಕ ಅದರ ಮುಂದ ನಿಂತು ಸರದೆ. ಬೀಳಾಕ ಏನಾರ ಇದ್ರ ತಳ್ಳಿದವ ಅಲ್ಲೇ ನಿಂದರತಾನ. ನೀ ನನಗ ಅರ್ಧಾನ ಕಲಿಸಿದ್ದೀ ಅಪ್ಪ, ಉಳಿದರ್ಧ ನಾನ ಕಲ್ತೆ."

ಅಪ್ಪ ನನ್ನನ್ನೇ ನೋಡಿದ. ಹೊಗಳುತ್ತಾನೆ ಎಂದುಕೊಂಡಿದ್ದೆ. "ನೀ ಇನ್ನ ಅಲ್ಲಿಗೆ ಹೋಗಬ್ಯಾಡ. ಇಲ್ಲೇ ಇರು," ಅಂದ. "ನಿಮ್ಮಣ್ಣನ ಹೇಣ್ತಿ ಏನರ ಅನ್ನಲಿ, ನಾ ನೋಡಿಕೋತೀನಿ."

ಏಪ್ರಿಲ್‌ನಲ್ಲಿ ಈ ಮಾತು ಆಡಿದ್ದರೆ ಇವನ ಕಾಲಿಗೆ ಬೀಳುತ್ತಿದ್ದೆ. ಈಗ ಯಾಕೆ? ಈಗ ನನ್ನ ಮನೆಯಲ್ಲಿ ನನ್ನನ್ನು ಯಾರೂ ಮುಟ್ಟುವುದಿಲ್ಲ. "ಒಲ್ಲೆ," ಅಂದೆ. ಗುದ್ದಲಿ ತಂದು ಕೊಡಲು ಬಂದ. ಬಸುರಿ ಹೆಂಗಸು ನೆಲ ಅಗೆಯುವುದೆ? ಮುಟ್ಟಲಿಲ್ಲ. ಆಮೇಲೆ ಕೊಟ್ಟಿಗೆಯಲ್ಲಿ ಅವನೊಬ್ಬನೇ ಅಗೆಯುತ್ತಿದ್ದ. ವಯಸ್ಸಾಯಿತು, ಅರಳು ಮರಳು.

ಸಿರುಗುಪ್ಪ, 6 ಸೆಪ್ಟೆಂಬರ್

ಊರಮ್ಮ ಒಂದು ಹೊಸ ವರಸೆ ತೆಗೆದಿದ್ದಾಳೆ. ಗಿರಣಿಯ ಹಳೆಯ ಗೋಣಿ ಚೀಲಗಳನ್ನು ಒಂದರ ಮೇಲೊಂದು ಹೊಲಿದು ದಪ್ಪ ಮಾಡಿ ತನ್ನ ಮೂಲೆಯ ಬಂಡೆಗಲ್ಲಿನ ಮೇಲೆ, ಒಳಕಲ್ಲಿನ ಸುತ್ತ ಹಾಸಿಕೊಂಡಿದ್ದಾಳೆ.

"ಏನಿದು?"

"ಬಿದ್ರ ಮೆತ್ತಗಿರ್ಲಿ ಅಂತ್ರಿ ಅತ್ತಿಗಿ."

ಎಷ್ಟು ಸಾದಾ ಹೇಳಿದಳು! ಮಳೆ ಬಂದರೆ ಇರಲಿ ಎಂದು ಕಂಬಳಿ ತೆಗೆದಿಟ್ಟ ಹಾಗೆ. ನನಗೆ ಸಿಟ್ಟೇ ಬಂತು. ನೋಡಿದವರು ನಾನೇ ಇವಳನ್ನು ಬೀಳಿಸುತ್ತೇನೆ ಅಂದುಕೊಳ್ಳಬೇಕು, ಹಾಗಿದೆ ಅದು.

21 ಸೆಪ್ಟೆಂಬರ್

ಇವತ್ತು ವಿಚಿತ್ರ. ರೊಟ್ಟಿ ತಟ್ಟುತ್ತಿದ್ದೆ. ಜಡೆಪ್ಪ ಹೊಸ್ತಿಲ ಮೇಲೆ ಬಂದು ಕೂತ. ಏನೂ ಒದೆಯಲಿಲ್ಲ, ಏನೂ ಕೇಳಲಿಲ್ಲ.

"ನಿಮ್ಮಪ್ಪ ನಿನಗ ಕಲಿಸ್ಯಾನ. ನನಗ ಗೊತ್ತೈತಿ," ಅಂದ.

ನಾನು ಹಿಟ್ಟು ನಾದಿದೆ.

"ಸಾವಂತ್ರೀ," ಅಂದ. ಮದುವೆಯಾದಾಗಿನಿಂದ ಹೆಸರು ಹಿಡಿದು ಕರೆದದ್ದು ಇದೇ ಮೊದಲು. "ನನಗೂ ಒಂದೀಟು ಹೇಳಿಕೊಡು. ದಸರಾ ಕುಸ್ತಿಗೆ ಆ ಆದೋನಿಯವ ಮತ್ತ ಬರ್ತಾನ. ಗುದ್ದಲಿ ಹಿಡಿ ಅಂದ್ರ ಹಿಡಿತೀನಿ. ಮತ್ತೊಮ್ಮಿ ಬಿದ್ರ ನಾ ಊರಾಗ ತಲಿ ಎತ್ತಂಗಿಲ್ಲ."

ದೊಡ್ಡ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅವುಗಳನ್ನು ನೋಡಿದರೆ ಒಂದು ಕ್ಷಣ ಅಯ್ಯೋ ಅನಿಸಿತು. ಕಾಲು ಹೀಗಿಡಿ, ಸೊಂಟ ಹೀಗೆ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಈ ಮನೆಯಲ್ಲಿ ನನಗಿರುವುದು ಇದೊಂದೇ ಆಸ್ತಿ. ಇದನ್ನೂ ಕೊಟ್ಟು ನಾನೇನು ಹಿಡಿದುಕೊಂಡಿರಲಿ?

"ನಾ ಹೆಣ್ಮಗಳು, ನನಗೇನ ಬರತೈತ್ರಿ," ಅಂದೆ.

ಎದ್ದು ಹೋದ. ಊರಮ್ಮ ತನ್ನ ಮೂಲೆಯಿಂದ ನನ್ನನ್ನು ನೋಡುತ್ತಿದ್ದಳು. "ಹೇಳಿಕೊಟ್ಟಿದ್ರ ಚೊಲೊ ಇತ್ತಲ್ರಿ ಅತ್ತಿಗಿ," ಅಂದಳು. ನಿನ್ನ ಕೆಲಸ ನೀನು ನೋಡು ಅಂದೆ.

8 ಅಕ್ಟೋಬರ್

ಹಬ್ಬಕ್ಕೆ ಮೆಣಸಿನಕಾಯಿ ಒಣಹಾಕಬೇಕಿತ್ತು. ಊರಮ್ಮನ ಗೋಣಿ ಹಾಸಿಗೆ ಎತ್ತಿ ಮಾಳಿಗೆಯ ಮೇಲೆ ಹಾಸಿದೆ. ಬೇರೆ ಚೀಲ ಇರಲಿಲ್ಲವೆಂದಲ್ಲ. ಅದು ದಪ್ಪಗಿತ್ತು, ಚೊಕ್ಕಟವಾಗಿತ್ತು. ಕೇಳಲು ಬಂದಳು. "ಎರಡು ದಿವಸ ಬರೀ ನೆಲದ ಮ್ಯಾಲ ಮಕ್ಕೊಂಡ್ರ ಸಾಯಂಗಿಲ್ಲ," ಅಂದೆ.

11 ಅಕ್ಟೋಬರ್

ನಿನ್ನೆ ವಿಜಯದಶಮಿ. ಜಡೆಪ್ಪ ಮತ್ತೆ ಸೋತ. ಆದೋನಿಯವನು ಯುಗಾದಿಯಲ್ಲಿ ಹೇಗೆ ಸರಿದಿದ್ದನೋ ಹಾಗೇ ಸರಿದನಂತೆ. ಹಲಗೆಯವರು ನಗುವಿನಲ್ಲಿ ಬಡಿಯುವುದನ್ನೂ ಮರೆತರಂತೆ.

ಮೈಗೆ ಮೆತ್ತಿದ ಮಣ್ಣಿನಲ್ಲೇ ಮನೆಗೆ ಬಂದ. ಬನ್ನಿ ಕೊಡಲು ಬಂದ ಪಕ್ಕದ ಮನೆಯವರು ಅವನ ಮುಖ ನೋಡಿ ಹಾಗೇ ತಿರುಗಿದರು. ಒಲೆಯ ಮುಂದಿದ್ದ ನನ್ನ ಎದುರಿಗೆ ನಿಂತ. "ನಿನಗ ಗೊತ್ತಿತ್ತು," ಅಂದ. "ಗೊತ್ತಿದ್ದೂ ಹೇಳಲಿಲ್ಲ." ಬಂದ ಬಲ ಎಂಥದ್ದೆಂದರೆ ಎರಡು ಚೀಲ ಹೊರುವ ಬೆನ್ನಿನದ್ದು, ಎರಡು ಸೋಲಿನದ್ದು, ಎಲ್ಲ ಸೇರಿ.

ನಾನು ಯೋಚನೆಯನ್ನೇ ಮಾಡಲಿಲ್ಲ. ಕಾಲು ತಾನೇ ಸರಿಯಿತು.

ನನ್ನ ಹಿಂದಿದ್ದ ಊರಮ್ಮ ಒಳಕಲ್ಲಿನ ಅಂಚಿಗೆ ಸೊಂಟ ಕೊಟ್ಟು ಬಿದ್ದಳು. ಒಣ ಕಟ್ಟಿಗೆ ಮುರಿದ ಸದ್ದು. ಕೂಗಲೂ ಇಲ್ಲ, ಬರೀ "ಅವ್ವಾ" ಅಂದಳು. ಅವಳ ಅವ್ವ ಬಾಗಿಲಲ್ಲೇ ನಿಂತಿದ್ದರು. ಜಡೆಪ್ಪ ನೆಲದ ಮೇಲೆ ಕೂತು ತನ್ನ ತಲೆಗೆ ತಾನೇ ಹೊಡೆದುಕೊಂಡ.

ನನಗೆ, ನನ್ನ ಹೊಟ್ಟೆಗೆ, ಏನೂ ಆಗಲಿಲ್ಲ. ಕೂಸು ಒಳಗೆ ಒದೆಯಿತು.

ಕುರುಗೋಡು, 13 ಅಕ್ಟೋಬರ್

ಗಾಡಿಗೆ ಹುಲ್ಲು ಹಾಕಿ ಊರಮ್ಮನನ್ನು ಮಲಗಿಸಿಕೊಂಡು ಬಂದೆ. ಮೂಳೆ ಕೂಡಿಸುವುದರಲ್ಲಿ ಅಪ್ಪನನ್ನು ಮೀರಿಸುವವರು ಈ ಸೀಮೆಯಲ್ಲಿಲ್ಲ; ಗರಡಿಯವರ ಕೈಕಾಲೆಲ್ಲ ಅವನೇ ಕಟ್ಟುವುದು.

ಮುಟ್ಟಿ ನೋಡಿ ಹೊರಗೆ ಬಂದ. "ಎಲ್ಲಿ ಬಿದ್ಲು?"

"ಒಳಕಲ್ಲಿನ ಮ್ಯಾಲ."

"ತಳ್ಳಿದ್ದು ಯಾರನ್ನ?"

ಅಪ್ಪನ ಕಣ್ಣಿನ ಮುಂದೆ ಸರಿಯಲು ಬರಲಿಲ್ಲ. "ನನ್ನ," ಅಂದೆ.

ಅವನು ಬೈದಿದ್ದರೆ ಏನಾದರೂ ಹೇಳುತ್ತಿದ್ದೆ. "ಈಕಿ ಇನ್ನ ನೆಟ್ಟಗ ನಡಿಯಂಗಿಲ್ಲ," ಅಂದ. "ಎದ್ದ ಮ್ಯಾಲೂ ಇಲ್ಲೇ ಇರ್ತಾಳ. ನೀ ಹೋಗು."

"ಈಕಿನ್ನ ಇಟ್ಟುಕೊಂಡ್ರ ಊರು ಏನೂ ಅನ್ನಂಗಿಲ್ಲೇನು? ನಿನ್ನ ಸೊಸಿ ಏನೂ ಅನ್ನಂಗಿಲ್ಲೇನು?" ಬಾಯಿಗೆ ಬಂದದ್ದು ಬಂದುಬಿಟ್ಟಿತು. ಕಣ್ಣು ಬಾತು ಬಂದ ಮಗಳಿಗೆ ಇಲ್ಲದ ಜಾಗ, ಯಾರದೋ ಮಗಳಿಗೆ ಎಲ್ಲಿಂದ ಬಂತು?

"ಅಂತಾರ," ಅಂದ ಅಪ್ಪ. "ನೀ ಇಲ್ಲೇ ಇರ್ತೀನಿ ಅಂದಾಗ ನಾನೂ ಸರದೆ. ಹಿಂದ ಯಾರದಾರ ಅಂತ ನೋಡಲಿಲ್ಲ."

ಅದರರ್ಥ ಏನೋ ನನಗೆ ತಿಳಿಯಲಿಲ್ಲ. ಹೊರಡುವಾಗ ಊರಮ್ಮ ಕೈ ಹಿಡಿದುಕೊಂಡಳು. ಮೈ ಸುಡುತ್ತಿತ್ತು. "ಅತ್ತಿಗಿ, ಇನ್ನ ನಿಮ್ಮ ಹಿಂದ ಯಾರು ಇರ್ತಾರ್ರಿ?" ಅಂದಳು. ಜ್ವರದಲ್ಲಿ ಏನೋ ಮಾತು.

ಸಿರುಗುಪ್ಪ, 20 ನವೆಂಬರ್

ಅವಳು ಹೋದಾಗಿನಿಂದ ಜಡೆಪ್ಪನ ಕೈ ಎದ್ದಿಲ್ಲ. ಗರಡಿಗೂ ಹೋಗುವುದಿಲ್ಲ, ಕುಡಿದು ಮಲಗುತ್ತಾನೆ. ಅತ್ತೆ ಇವತ್ತು ಕಾಳು ಆರಿಸುತ್ತಾ ಇದ್ದಕ್ಕಿದ್ದಂತೆ ಅಂದರು, "ನನಗೂ ಒಬ್ಬಾಕಿ ನೆಗೆಣ್ಣಿ ಇದ್ಲು, ನನ್ನ ಮೈದುನನ ಹೇಣ್ತಿ. ನಮ್ಮ ಮಾವ ಹೊಡಿಯಾಕ ಎದ್ದಾಗೆಲ್ಲ ನಾ ಆಕಿನ್ನ ಮುಂದ ಮಾಡ್ತಿದ್ದೆ. ಕಡೀಕ ಬಾವಿಗೆ ಬಿದ್ಲು."

"ಅದನ್ಯಾಕ ಈಗ ಹೇಳ್ತೀರಿ ಅತ್ತಿ?"

"ಯಾಕಿಲ್ಲ. ನನ್ನ ಮಗಳಿಗೂ ಒಬ್ಬಾಕಿ ಸಿಕ್ಕಳಲ್ಲ, ಅದಕ್ಕ," ಅಂದರು. ಅಳುತ್ತಿದ್ದರೋ ಕಾಳಿನ ಧೂಳೋ. ನಾನು ಎದ್ದು ಬಂದೆ.

27 ಜನವರಿ 1952

ಹೆಣ್ಣು. ದುಂಡಗಿದ್ದಾಳೆ, ಅಂಗೈ ಮುಚ್ಚಿಕೊಂಡೇ ಹುಟ್ಟಿದಳು. ಗೆದ್ದೆ. ಹೊಟ್ಟೆಗೆ ಒಂದು ಬೆರಳೂ ತಾಗದಂತೆ ಕಾಯ್ದೆ, ಗೆದ್ದೆ. ಅಪ್ಪ ನೋಡಲು ಬಂದಿಲ್ಲ.

ಹೆಣ್ಣು ಎಂದು ಕೇಳಿ ಜಡೆಪ್ಪ ಹೊರಗೆ ನೀರಿನ ಗಡಿಗೆ ಒಡೆದನಂತೆ. ಮತ್ತೆ ಶುರುವಾಗುತ್ತದೆ. ಆಗಲಿ, ನಾನು ಹಳೆಯ ಸಾವಂತ್ರಿಯಲ್ಲ.

9 ಫೆಬ್ರವರಿ

ಇವತ್ತು ಕೂಸನ್ನು ತೊಟ್ಟಿಲಿಗೆ ಹಾಕಿದೆವು. ತೊಟ್ಟಿಲ ಬಟ್ಟೆ ಬಳ್ಳಾರಿಯಿಂದ ಸೋದರತ್ತೆ ಕಳಿಸಿದ್ದು, ಹಸಿರು ಅಂಚಿನದು. ಎಲ್ಲಿ ಕಟ್ಟುವುದು ಎಂದು ಅತ್ತೆ ಕೇಳಿದರು. ನಡುಮನೆಯಲ್ಲಿ ಅವನು ಮಲಗುತ್ತಾನೆ, ಕೂಸು ಅತ್ತರೆ ಅವನಿಗಾಗದು. ಪಡಸಾಲೆಯಲ್ಲಿ ಚಳಿ. ಒಲೆಯ ಹಿಂದಿನ ಮೂಲೆ ಖಾಲಿ ಬಿದ್ದಿದೆ, ಬೆಚ್ಚಗೂ ಇದೆ. ಅಲ್ಲೇ ತೊಲೆಗೆ ಹಗ್ಗ ಹಾಕಿಸಿ ಒಳಕಲ್ಲಿನ ಮೇಲಕ್ಕೆ ಕಟ್ಟಿಸಿದೆ. ಒಲೆಯ ಮುಂದೆ ಬಾಗಿಲ ಕಡೆ ತಿರುಗಿ ನಿಂತರೆ ಸರಿಯಾಗಿ ನನ್ನ ಬೆನ್ನಿಗೇ ಇರುತ್ತದೆ. ಅತ್ತೆ ಒಳಕಲ್ಲನ್ನು ನೋಡಿ ಎದ್ದು ಹೊರಗೆ ಹೋದರು.

ಸಂಜೆ ಅವನು ಬಂದ. ಹುಬ್ಬು ನೋಡಿದೆ, ಇತ್ತು. ಅನ್ನ ಮುದ್ದೆಯಾಗಿದೆ ಅಂದ. ಹಿತ್ತಾಳೆ ತಂಬಿಗೆ ತೆಗೆದು ಬೀಸಿ ಒಗೆದ. ನಾನು ಒಲೆಯ ಕಡೆ ಮುಖ ಮಾಡಿದ್ದೆ, ನೋಡಲೂ ಇಲ್ಲ. ಕಾಲು ಗಟ್ಟಿ ಕೂತಿತು, ಸೊಂಟ ತಾನೇ ತಿರುಗಿತು. ತಂಬಿಗೆ ನನ್ನನ್ನು ದಾಟಿ ತೊಟ್ಟಿಲ ಹಗ್ಗಕ್ಕೆ ತಗಲಿ ಗೋಡೆಗೆ ಬಡಿದು ಬಿತ್ತು. ತೊಟ್ಟಿಲು ತಾನಾಗಿಯೇ ತೂಗತೊಡಗಿತು, ಕೂಸಿಗೆ ಎಚ್ಚರವೂ ಆಗಲಿಲ್ಲ. ಅವನು ತಣ್ಣಗಾಗಿ ಕೂತು ಉಂಡ.

ಅಪ್ಪ ಇದ್ದು ನೋಡಬೇಕಿತ್ತು. ಇಷ್ಟು ಹಗುರಾಗಿ ಅವನೂ ಎಂದೂ ಸರಿದಿರಲಾರ.